ಪ್ಲಗ್ ಎಳೆದರೂ ಹಸಿರು ಲೈಟ್ ಉರಿಯುತ್ತದೆ, ಬೆಳಗಾಗುವಾಗ ಬ್ಯಾಟರಿ ಖಾಲಿ (ಟ್ರಾವೆಲರ್ ಕ್ಯಾಂಪರ್, ಉಡುಪಿ)

ಕಾಪು_ಟ್ರಾವೆಲರ್:
ಹಳೆ ಟೆಂಪೋ ಟ್ರಾವೆಲರ್ ಒಂದನ್ನು ಕ್ಯಾಂಪರ್ ಮಾಡಿದ್ದೇವೆ. ಮರದ ಕೆಲಸ ಮನೆಯಲ್ಲೇ ಆಯಿತು, ವಯರಿಂಗ್ ಹೊರಗೆ ಕೊಟ್ಟದ್ದು. ಮಾಡಿದವರು ಈಗ ಫೋನ್ ಎತ್ತುವುದಿಲ್ಲ.

ಒಳಗೆ ಇರುವುದು: 12 ವೋಲ್ಟಿನ 100 ಆಂಪ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ, 1500 ವ್ಯಾಟಿನ ಇನ್ವರ್ಟರ್, 230 ವೋಲ್ಟಿನಲ್ಲಿ ಕೆಲಸ ಮಾಡುವ 30 ಆಂಪ್ ಚಾರ್ಜರ್, ಗಾಡಿ ಓಡುವಾಗ ಆಲ್ಟರ್ನೇಟರಿನಿಂದ ತುಂಬಿಸಲು ಡಿಸಿ-ಡಿಸಿ ಚಾರ್ಜರ್. ಹೊರಬದಿಗೆ ನೀಲಿ ಬಣ್ಣದ 16 ಆಂಪ್ ಇಂಡಸ್ಟ್ರಿಯಲ್ ಸಾಕೆಟ್. ಅಲ್ಲಿಂದ ವಯರ್ ಎಳೆದು ಹೋಮ್‌ಸ್ಟೇಯ ಪವರ್ ಪ್ಲಗ್ಗಿಗೆ ಸಿಕ್ಕಿಸುವುದು. ಹೊರಗಿನ ಕರೆಂಟು ಬಂದರೆ 230 ವೋಲ್ಟ್ ಕಾಯಿಲಿನ 11 ಪಿನ್ ರಿಲೇ (ಕಾಯಿಲಿಗೆ ಕರೆಂಟು ಬಂದರೆ ತಾನೇ ಕೂಡುವ ಸ್ವಿಚ್) ಎಳೆದುಕೊಂಡು ಪ್ಯಾನಲಿನ ಹಸಿರು ಲೈಟ್ ಹಾಕಬೇಕು, ಡಿಸಿ-ಡಿಸಿಯನ್ನು ನಿಲ್ಲಿಸಬೇಕು. ವಯರ್ ಸಿಕ್ಕಿಸಿಕೊಂಡೇ ಗಾಡಿಯ ಕೀ ತಿರುಗಿಸಿದರೆ ಬಝರ್ ಕೂಗಬೇಕು.

ಮರವಂತೆಯಲ್ಲಿ ಗಾಡಿ ನಿಲ್ಲಿಸಿದ್ದೆವು. ರಾತ್ರಿ ಹತ್ತಕ್ಕೆ ಬ್ಯಾಟರಿ ಫುಲ್. ಇನ್ವರ್ಟರಿನಲ್ಲಿ 50 ವ್ಯಾಟಿನ ಟೇಬಲ್ ಫ್ಯಾನ್ ಬಿಟ್ಟು ಬೇರೇನೂ ಇಲ್ಲ. ಬೆಳಗ್ಗೆ ಐದೂವರೆಗೆ ಫ್ಯಾನ್ ನಿಂತಿತು, ಸೆಖೆಗೆ ಎಲ್ಲರಿಗೂ ಎಚ್ಚರ. ಬಿಎಂಎಸ್ (ಬ್ಯಾಟರಿಯೊಳಗಿನ ರಕ್ಷಣೆಯ ಸರ್ಕ್ಯೂಟ್) ಕಟ್ ಮಾಡಿದೆ. ಹತ್ತಿರ ಪ್ಲಗ್ ಎಂಬುದೇ ಇಲ್ಲದ ಜಾಗ, ಆದರೂ ರಾತ್ರಿಯಿಡೀ ಹಸಿರು ಲೈಟ್ ಉರಿಯುತ್ತಿತ್ತು.

ಇನ್ನೆರಡು: ಗಾಡಿ ಓಡುವಾಗ ಕೆಲವು ಸಲ ಚಾರ್ಜ್ ಆಗ್ತದೆ, ಕೆಲವು ಸಲ ಇಲ್ಲ. ಹೆಬ್ರಿ ಬದಿಯ ಹೋಮ್‌ಸ್ಟೇಯಲ್ಲಿ ಪ್ಲಗ್ ಹಾಕಿದರೆ ರಿಲೇ ಕಟಕಟ ಅನ್ನುತ್ತದೆ, ಚಾರ್ಜರ್ ಆನ್ ಆಗಿ ಆಫ್ ಆಗಿ ಕುಣಿಯುತ್ತದೆ.

ಈಕೋ_ಮನೆ:
ಬ್ಯಾಟರಿ ಡೂಪ್ಲಿಕೇಟ್ ಇರಬಹುದು ಸರ್. 100 ಎಂದು ಸ್ಟಿಕ್ಕರ್ ಅಂಟಿಸಿ ಒಳಗೆ 50ರ ಸೆಲ್ ಹಾಕಿ ಮಾರುವವರಿದ್ದಾರೆ. ಡಿಸಿ-ಡಿಸಿ ಕೂಡ ತೆಗೆದು ಬಿಸಾಡಿ, ವೋಲ್ಟೇಜ್ ನೋಡಿ ಇದನ್ನು ಗಾಡಿಯ ಬ್ಯಾಟರಿಗೆ ಕೂಡಿಸುವ ರಿಲೇ ಹಾಕಿ. ನನ್ನ ಈಕೋ ವ್ಯಾನಿನಲ್ಲಿ ಅದೇ ಇರುವುದು, ಒಂದು ತಕರಾರಿಲ್ಲ.

ಮಲ್ಪೆ_ಬೋಟ್_ವಯರಿಂಗ್:
ಬ್ಯಾಟರಿಗೆ ಬೈಯುವುದು ಆಮೇಲೆ. ಮೊದಲು ಇಷ್ಟು ನೋಡಿ ಹೇಳಿ. ಹೊರಗಿನ ವಯರ್ ಪೂರ್ತಿ ಕಿತ್ತು ಪಕ್ಕಕ್ಕಿಡಿ. ಇನ್ವರ್ಟರ್ ಆಫ್ ಮಾಡಿದರೆ ಹಸಿರು ಲೈಟ್ ಹೋಗ್ತದಾ? ಮತ್ತೆ ಆನ್ ಮಾಡಿದರೆ ಬರ್ತದಾ? ಆಗ ಚಾರ್ಜರಿನ ಫ್ಯಾನಿಗೆ ಕಿವಿ ಕೊಡಿ. ಬಝರ್ ಎಂತ ಹೇಳ್ತದೆ?

ಕಾಪು_ಟ್ರಾವೆಲರ್:
ಇನ್ವರ್ಟರ್ ಆಫ್ ಮಾಡಿದ ಕೂಡಲೇ ಲೈಟ್ ಹೋಯಿತು. ಆನ್ ಮಾಡಿದರೆ ಬಂತು, ಚಾರ್ಜರಿನ ಫ್ಯಾನೂ ತಿರುಗಲು ಶುರು! ಬಝರ್ ಮಾತ್ರ ಮೌನ. ಪ್ಯಾನಲ್ ಬಿಚ್ಚಿ ನೋಡಿದರೆ ಅದರ ವಯರನ್ನೇ ಕತ್ತರಿಸಿ ಟೇಪ್ ಸುತ್ತಿದ್ದಾರೆ. ಸುಮ್ಮಸುಮ್ಮನೆ ಕೂಗುತ್ತಿತ್ತು, ಹಾಗಾಗಿ ತೆಗೆದೆವು ಎಂದು ಅವರು ಹೇಳಿದ್ದು ಈಗ ನೆನಪಾಯಿತು.

ಮಲ್ಪೆ_ಬೋಟ್_ವಯರಿಂಗ್:
ಸುಮ್ಮನೆ ಕೂಗಿದ್ದಲ್ಲ ಮಾರಾಯ್ರೆ, ಇಡೀ ಗಾಡಿಯಲ್ಲಿ ಸತ್ಯ ಹೇಳಿದ್ದು ಅದೊಂದೇ.

ನಿಮ್ಮಲ್ಲಿ ಆಗಿರುವುದು ಹೀಗೆ. ಹೊರಗಿನ ಕರೆಂಟು ಮತ್ತು ಇನ್ವರ್ಟರಿನ ಕರೆಂಟು ಎರಡೂ ಒಂದು ಚೇಂಜ್‌ಓವರಿಗೆ (ಎರಡರಲ್ಲಿ ಒಂದನ್ನು ಆರಿಸುವ ಸ್ವಿಚ್ಚಿಗೆ) ಬರ್ತವೆ, ಅದರ ಆಚೆ ಬದಿಯಿಂದ ಗಾಡಿಯೊಳಗಿನ ಪ್ಲಗ್ಗುಗಳಿಗೆ ಹೋಗ್ತವೆ. ನಿಮ್ಮ ಕೆಲಸದವರು ಚಾರ್ಜರನ್ನೂ ಆ ರಿಲೇಯ ಕಾಯಿಲನ್ನೂ ಆಚೆ ಬದಿಗೆ ಕೊಟ್ಟಿದ್ದಾರೆ. ಅಲ್ಲಿ ಇನ್ವರ್ಟರಿನ 230 ವೋಲ್ಟೂ ಬರ್ತದಲ್ಲ? ಯಾವುದರ 230 ಎಂದು ರಿಲೇಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಇನ್ವರ್ಟರ್ ಹಾಕಿದ ತಕ್ಷಣ ಚಾರ್ಜರ್ ಎದ್ದು, ಬ್ಯಾಟರಿಯಿಂದಲೇ ತೆಗೆದು ಬ್ಯಾಟರಿಗೇ ತುಂಬುತ್ತದೆ. ಬಾವಿಯಿಂದ ತೂತು ಕೊಡಪಾನದಲ್ಲಿ ಸೇದಿ ಅದೇ ಬಾವಿಗೆ ಸುರಿದ ಹಾಗೆ. ಲೆಕ್ಕ ಹಾಕಿ: 30 ಆಂಪ್ ಎಂದರೆ ಬ್ಯಾಟರಿಗೆ ಸುಮಾರು 400 ವ್ಯಾಟ್ ವಾಪಸ್ ಬರ್ತದೆ. ಅದಕ್ಕೆ ಚಾರ್ಜರ್ 450ರಷ್ಟು ತಿನ್ನುತ್ತದೆ, ಆ 450 ಕೊಡಲು ಇನ್ವರ್ಟರ್ ಬ್ಯಾಟರಿಯಿಂದ 510ರಷ್ಟು ಎಳೆಯುತ್ತದೆ. ನಡುವಿನ 110 ವ್ಯಾಟ್ ಬರೀ ಬಿಸಿ. ನಿಮ್ಮ ಫ್ಯಾನೂ ಸೇರಿದರೆ ಬ್ಯಾಟರಿಯಿಂದ ಹೆಚ್ಚುಕಡಿಮೆ 13 ಆಂಪ್ ಹೋಗ್ತಾ ಇರ್ತದೆ. 100ನ್ನು 13ರಿಂದ ಭಾಗಿಸಿದರೆ ಏಳೂವರೆ ಗಂಟೆ ಚಿಲ್ಲರೆ. ಹತ್ತಕ್ಕೆ ಮಲಗಿದವರಿಗೆ ಐದೂವರೆಗೆ ಎಚ್ಚರ ಆಗಲೇಬೇಕು. ನಿಮ್ಮ ಬ್ಯಾಟರಿ ಡೂಪ್ಲಿಕೇಟ್ ಅಲ್ಲ, ಪಾಪ, ಪೂರಾ 100 ಕೊಟ್ಟಿದೆ.

ಓಡುವಾಗ ಚಾರ್ಜ್ ಆಗದ್ದೂ ಇದರಿಂದಲೇ. ಇನ್ವರ್ಟರ್ ಆನ್ ಇದ್ದರೆ ರಿಲೇ ಮೇನ್ಸ್ (ಹೊರಗಿನ ಕರೆಂಟು) ಬಂತು ಅಂದುಕೊಂಡು ಡಿಸಿ-ಡಿಸಿಯನ್ನು ನಿಲ್ಲಿಸುತ್ತದೆ. ಆಫ್ ಇದ್ದ ದಿನ ಸರಿಯಾಗಿ ಚಾರ್ಜ್ ಆಗಿರ್ತದೆ, ನೆನಪು ಮಾಡಿ ನೋಡಿ.

ಪರಿಹಾರ: ಚಾರ್ಜರನ್ನೂ ರಿಲೇಯ ಕಾಯಿಲನ್ನೂ ಚೇಂಜ್‌ಓವರಿನ ಈಚೆ ಬದಿಗೆ ತನ್ನಿ. ಹೊರಗಿನ ಸಾಕೆಟ್, ಅಲ್ಲಿಂದ ಎರಡು ಪೋಲಿನ ಎಂಸಿಬಿ (ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್), 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್), ಅಲ್ಲೇ ಚಾರ್ಜರ್ ಮತ್ತು ರಿಲೇ, ಆಮೇಲೆ ಚೇಂಜ್‌ಓವರ್. ಇನ್ವರ್ಟರಿನ ಕರೆಂಟು ಯಾವ ಕಾಲಕ್ಕೂ ತಲುಪದ ಜಾಗದಿಂದಲೇ ಮೇನ್ಸ್ ನೋಡಬೇಕು. ಬೋಟಿನಲ್ಲಿ ಜನರೇಟರ್ ಜತೆ ಇನ್ವರ್ಟರ್ ಹಾಕುವಾಗಲೂ ನಾವು ಇದನ್ನೇ ಮೊದಲು ನೋಡುವುದು.

ಚೇಂಜ್‌ಓವರ್ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬದಲಿಸುವಂಥದ್ದೇ ಎಂದು ಖಚಿತ ಮಾಡಿಕೊಳ್ಳಿ. ನಮ್ಮ ಮನೆಗಳ ಪ್ಲಗ್ಗಿನಲ್ಲಿ ಫೇಸ್-ನ್ಯೂಟ್ರಲ್ ಅದಲುಬದಲು ಇರುವುದು ಅಪರೂಪವೇನಲ್ಲ. ನ್ಯೂಟ್ರಲ್ ಒಂದೇ ಆಗಿದ್ದರೆ ಕಿತ್ತ ಪ್ಲಗ್ಗಿನ ಪಿನ್ ಕೂಡ ಶಾಕ್ ಹೊಡೆಯಬಹುದು. ಗಾಡಿಯ ಬಾಡಿಗೆ ಅರ್ಥಿಂಗ್ ಕೊಡುವುದು, ಇನ್ವರ್ಟರಿನ ನ್ಯೂಟ್ರಲನ್ನು ಬಾಡಿಗೆ ಎಲ್ಲಿ ಕಟ್ಟಬೇಕು ಎಂಬುದು, ಇವೆರಡನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಹತ್ತಿರವೇ ಮಾಡಿಸಿ. ಬರೆದು ಹೇಳುವ ಕೆಲಸ ಅಲ್ಲ ಅದು.

ಈಕೋ_ಮನೆ:
ಒಪ್ಪಿದೆ ಅಣ್ಣ. ಆದರೆ ಡಿಸಿ-ಡಿಸಿ ಬದಲು ವೋಲ್ಟೇಜ್ ರಿಲೇ ಹಾಕಿದರೆ ಇಷ್ಟೆಲ್ಲ ರಗಳೆ ಇರುವುದಿಲ್ಲ ಎಂಬ ಮಾತು ನನ್ನದು ಹಾಗೇ ಉಂಟು.

ಮಲ್ಪೆ_ಬೋಟ್_ವಯರಿಂಗ್:
ನಿಮ್ಮ ಈಕೋದಲ್ಲಿರುವುದು ಟ್ಯೂಬುಲರ್ (ಸೀಸ-ಆಸಿಡ್ಡಿನ) ಬ್ಯಾಟರಿಯಾ? ಹಾಗಾದರೆ ನಿಮಗೆ ಸರಿ. ಆ ರಿಲೇ ಸಾಮಾನ್ಯವಾಗಿ 13.3 ವೋಲ್ಟಿಗೆ ಕೂಡಿ 12.8ಕ್ಕೆ ಬಿಡ್ತದೆ. ಲಿಥಿಯಂ ಫಾಸ್ಫೇಟ್ ಸುಮ್ಮನೆ ಕೂತರೂ 13.2, 13.3 ತೋರಿಸ್ತದೆ. ಇಂಜಿನ್ ಆಫ್ ಮಾಡಿದ ಮೇಲೂ ರಿಲೇ ಬಿಡುವುದೇ ಇಲ್ಲ, ಎರಡು ಬ್ಯಾಟರಿ ಒಂದಕ್ಕೊಂದು ಜೋತುಬಿದ್ದೇ ಇರ್ತವೆ. ಖಾಲಿ ಲಿಥಿಯಂ ಸಿಕ್ಕಿದರೆ ಆಲ್ಟರ್ನೇಟರನ್ನು ಕೂಡ ಹಿಂಡಿ ಹಾಕ್ತದೆ. ಇವರ ಡಿಸಿ-ಡಿಸಿ ಅಲ್ಲೇ ಇರಲಿ.

ಘಟ್ಟದಕೆಳಗೆ:
ರಿಲೇ ಎಲ್ಲ ಹಳೇ ಕಾಲದ್ದು. ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಬಿಡಿಭಾಗ) ಒಂದು, ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್) ಒಂದು ಹಾಕಿ, ಮೊಬೈಲಿನಲ್ಲೇ ನೋಡಬಹುದು.

ಮಲ್ಪೆ_ಬೋಟ್_ವಯರಿಂಗ್:
ನೋಡಬಹುದು, ತಪ್ಪೂ ನೋಡಬಹುದು. ಹೊರಗಿನ ಸಾಕೆಟಿನ ವಯರೂ ಇನ್ವರ್ಟರಿನ ವಯರೂ ಒಂದೇ ಪೈಪಿನಲ್ಲಿ ಜತೆಗೆ ಓಡಿದರೆ, ಏನೂ ಸಿಕ್ಕಿಸದ ಸಾಕೆಟಿನಲ್ಲಿ ಡಿಜಿಟಲ್ ಮೀಟರ್ 60, 80 ವೋಲ್ಟ್ ತೋರಿಸುವುದುಂಟು. ನಿಜದ ಕರೆಂಟಲ್ಲ, ಸಣ್ಣ ಬಲ್ಬ್ ಹಾಕಿದರೆ ಮಾಯ. ಆದರೆ ಸೂಕ್ಷ್ಮವಾದ ಆಪ್ಟೋ ಅದನ್ನೂ ಮೇನ್ಸ್ ಎಂದು ನಂಬಬಹುದು. ರಿಲೇ ಕಾಯಿಲ್ ನಂಬುವುದಿಲ್ಲ. ಮೊಬೈಲಿನಲ್ಲಿ ಬೇಕಾದರೆ ರಿಲೇಯ ಕಾಂಟ್ಯಾಕ್ಟಿನಿಂದ ಸಿಗ್ನಲ್ ತೆಗೆದುಕೊಳ್ಳಿ.

ಕಾಪು_ಟ್ರಾವೆಲರ್:
ಚಾರ್ಜರ್, ರಿಲೇ ಎರಡೂ ಈಚೆ ಬಂದವು, ಎಲೆಕ್ಟ್ರಿಷಿಯನ್ ಕೂತು ಮಾಡಿಕೊಟ್ಟರು. ಚೇಂಜ್‌ಓವರ್ ಎರಡು ಪೋಲಿನದ್ದೇ, ಪುಣ್ಯಕ್ಕೆ. ಪಡುಬಿದ್ರಿಯಲ್ಲಿ ರಾತ್ರಿ ಕಳೆದೆವು. ಬೆಳಗ್ಗೆ ನೋಡಿದರೆ ಫ್ಯಾನ್ ತಿಂದಷ್ಟೇ ಕಡಿಮೆಯಾಗಿದೆ.

ಕಟಕಟದ ಸಂಗತಿ ಮಾತ್ರ ಬಾಕಿ ಇದೆ. ಹೆಬ್ರಿಗೆ ಹೋಗಲು ಪುರಸೊತ್ತಿಲ್ಲ, ಹಾಗಾಗಿ ಮನೆಯ ಪ್ಲಗ್ಗಿನಲ್ಲೇ ಇಂಡಕ್ಷನ್ ಒಲೆ ಮತ್ತು ಚಾರ್ಜರ್ ಸೇರಿಸಿ 9 ಆಂಪ್ ಎಳೆದು ನೋಡಿದೆ. ಮನೆಯ ಪ್ಲಗ್ಗಿನಲ್ಲಿ 222, ಗಾಡಿಯೊಳಗೆ 203. ಎಳೆಯುವ ವಯರ್ 25 ಮೀಟರ್, 1 ಸ್ಕ್ವೇರ್ ಎಂಎಂ.

ಮಲ್ಪೆ_ಬೋಟ್_ವಯರಿಂಗ್:
19 ವೋಲ್ಟ್ ದಾರಿಯಲ್ಲಿ ಬಿದ್ದಿದೆ. ಆ ವಯರಿನದ್ದು ಹೋಗಿಬರಲು ಹೆಚ್ಚುಕಡಿಮೆ 1 ಓಮ್, ಅಂದರೆ 9 ವೋಲ್ಟಿಗೆ ಅದು ಜವಾಬ್ದಾರಿ. ಉಳಿದ 10 ಎಲ್ಲಿ? ಯಾವುದೋ ಒಂದು ಪಿನ್ನಿನಲ್ಲಿ 90 ವ್ಯಾಟ್ ಬಿಸಿ ಕೂತಿದೆ. ಕರೆಂಟು ತೆಗೆದು ಹೊರಗಿನ ನೀಲಿ ಸಾಕೆಟನ್ನು ಮುಟ್ಟಿ ನೋಡಿ, ಬಿಚ್ಚಿ ನೋಡಿ. ಕಡಲ ಬದಿಯ ಗಾಡಿ ನಿಮ್ಮದು.

ಹೋಮ್‌ಸ್ಟೇಯಲ್ಲಿ ಮೊದಲೇ 195 ಬರ್ತಿದ್ದರೆ ಇಷ್ಟೇ ಲೋಡಿಗೆ ಒಳಗೆ 176 ಆಗ್ತದೆ. 230ರ ಎಸಿ ಕಾಯಿಲ್ ಗಟ್ಟಿಯಾಗಿ ಎಳೆದುಕೊಳ್ಳಲು ಸಾಮಾನ್ಯವಾಗಿ ಶೇಕಡಾ 80, ಅಂದರೆ 184 ವೋಲ್ಟ್ ಬೇಕು. ಸಾಲದಿದ್ದರೆ ನಡುಗುತ್ತದೆ. ಚಾರ್ಜರ್ ಕೂಡ ಲೋ ವೋಲ್ಟೇಜ್ ಎಂದು ನಿಲ್ತದೆ, ಲೋಡ್ ಹೋದ ಕೂಡಲೇ ವೋಲ್ಟೇಜ್ ಏರುತ್ತದೆ, ಪುನಃ ಶುರು.

ಕಾಪು_ಟ್ರಾವೆಲರ್:
ಬಿಚ್ಚಿದೆ. ನ್ಯೂಟ್ರಲ್ ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ, ತಾಮ್ರಕ್ಕೆ ಹಸಿರು ಕಿಲುಬು. ಸ್ಕ್ರೂ ಬೆರಳಲ್ಲೇ ತಿರುಗುತ್ತದೆ.

ಮಲ್ಪೆ_ಬೋಟ್_ವಯರಿಂಗ್:
ಸಾಕೆಟನ್ನೇ ಬದಲಿಸಿ, ಉಜ್ಜಿ ಹಾಕಬೇಡಿ. ವಯರ್ ತುದಿಗೆ ಟಿನ್ ಮಾಡಿದ ಲಗ್ (ಲೋಹದ ತುದಿ) ಒತ್ತಿ ಕ್ರಿಂಪ್ ಮಾಡಿ. ಎಳೆಯುವ ವಯರ್ 2.5 ಸ್ಕ್ವೇರ್, ಮೂರು ಕೋರ್. ಲೋಡ್ ಹಾಕುವಾಗ ಅದನ್ನು ಸುರುಳಿ ಬಿಚ್ಚಿ ನೆಲಕ್ಕೆ ಹಾಸಿ, ರೀಲಿನಲ್ಲೇ ಇದ್ದರೆ ಕರಗ್ತದೆ.

ರಿಲೇಗೂ ಒಂದು ಉಪಾಯ ಉಂಟು. 100ರಿಂದ 240 ವೋಲ್ಟಿನವರೆಗೆ ಓಡುವ 12 ವೋಲ್ಟ್ ಅಡಾಪ್ಟರನ್ನು ಕಾಯಿಲಿನ ಜಾಗಕ್ಕೆ ಕೊಡಿ, ಅದರಿಂದ 12 ವೋಲ್ಟಿನ ರಿಲೇ ಓಡಿಸಿ. ವೋಲ್ಟೇಜ್ ಎಷ್ಟು ಕುಣಿದರೂ ರಿಲೇ ಅಲುಗುವುದಿಲ್ಲ. ಚಾರ್ಜರಿಗೆ ಅರ್ಧ ನಿಮಿಷ ತಡೆದು ಹಾಕುವ ಟೈಮರ್ ಕೊಟ್ಟರೆ ಇನ್ನೂ ಒಳ್ಳೆಯದು, ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ ಜೀವ ಉಳಿಯುತ್ತದೆ.

ಮಳೆಗಾಲ ಎಂದಾಗ ನೆನಪಾಯಿತು. ಬಝರನ್ನು ಈ ರಿಲೇಯಿಂದ ತೆಗೆದುಬಿಡಿ. ಹೋಮ್‌ಸ್ಟೇಯಲ್ಲಿ ಕರೆಂಟು ಹೋಗಿದೆ, ವಯರ್ ಸಿಕ್ಕಿಸಿಯೇ ಉಂಟು ಎಂದಿಟ್ಟುಕೊಳ್ಳಿ. ವೋಲ್ಟೇಜ್ ಇಲ್ಲದ್ದರಿಂದ ರಿಲೇಗೆ ಏನೂ ಕಾಣುವುದಿಲ್ಲ, ಬಝರ್ ಕೂಗುವುದಿಲ್ಲ, ನೀವು ಗೋಡೆಯ ಬೋರ್ಡನ್ನೂ ಕಿತ್ತುಕೊಂಡು ಹೊರಡ್ತೀರಿ. ಸಾಕೆಟಿನ ಮುಚ್ಚಳಕ್ಕೆ ಬಾಗಿಲಿಗೆ ಹಾಕುವ ಮ್ಯಾಗ್ನೆಟ್ ಸ್ವಿಚ್ ಹಾಕಿ, ಮುಚ್ಚಳ ತೆರೆದಿದ್ದು ಕೀ ಆನ್ ಆದರೆ ಕೂಗಲಿ.

ಘಟ್ಟದಕೆಳಗೆ:
ಕೂಗುವುದರ ಬದಲು ಸ್ಟಾರ್ಟರನ್ನೇ ಲಾಕ್ ಮಾಡಿದರೆ?

ಮಲ್ಪೆ_ಬೋಟ್_ವಯರಿಂಗ್:
ಆ ಸ್ವಿಚ್ಚಿಗೆ ಉಪ್ಪು ಹಿಡಿದು ಕೆಟ್ಟ ದಿನ ನೀವು ಆಗುಂಬೆ ಘಾಟಿಯ ತಿರುವಿನಲ್ಲಿ ಇರ್ತೀರಿ. ಬೇಡ.

ಕಾಪು_ಟ್ರಾವೆಲರ್:
ಹೊಸ ಸಾಕೆಟ್, 2.5ರ ವಯರ್, ಅಡಾಪ್ಟರ್, ಮ್ಯಾಗ್ನೆಟ್ ಸ್ವಿಚ್ ಎಲ್ಲ ಆಯಿತು. ಅದೇ ಲೋಡಿನಲ್ಲಿ ಈಗ ಮನೆಯ ಪ್ಲಗ್ಗಿನಲ್ಲಿ 222, ಗಾಡಿಯೊಳಗೆ 218. ಉಪಕಾರ ಆಯಿತು ಅಣ್ಣ. ಅಡಾಪ್ಟರಿಗೆ ಹೋಗುವ ಸಪೂರ ವಯರಿಗೆ ಬೇರೆ ಫ್ಯೂಸ್ ಬೇಕಾ?

ಮಲ್ಪೆ_ಬೋಟ್_ವಯರಿಂಗ್:
ಬೇಕು. 16 ಆಂಪಿನ ಎಂಸಿಬಿ ಆ ವಯರನ್ನು ಕಾಯುವುದಿಲ್ಲ. 1 ಆಂಪ್ ಸಾಕು, ಫೇಸಿಗೆ, ವಯರ್ ಕವಲೊಡೆಯುವ ಜಾಗದಲ್ಲೇ.