ಪೆಟ್ರೋಲ್ ವಾಸನೆ ಬರುವ ಗಾಡಿ ಸ್ಟಾರ್ಟ್ ಮಾಡಬೇಡ ಪುಟ್ಟಿ

ಪುಟ್ಟೀ, ನಿನ್ನ ಮೆಸೇಜು ಈಗ ನೋಡಿದೆ. ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ ಎಲ್ಲೋ ಸೇರಿಕೊಂಡಿತ್ತು. ಟೈಪ್ ಮಾಡುವಷ್ಟು ಕಣ್ಣಿಲ್ಲ, ಹೇಳುತ್ತಾ ಹೋಗುತ್ತೇನೆ, ಪೂರ್ತಿ ಕೇಳು.

ಹಿಂದಿನ ಸೀಟಲ್ಲಿ ಪೆಟ್ರೋಲ್ ವಾಸನೆ, ಮಗು ತಲೆನೋವು ಅನ್ನುತ್ತಿದೆ, ಕಿಟಕಿ ತೆಗೆದುಕೊಂಡು ಭಾನುವಾರ ಧರ್ಮಸ್ಥಳಕ್ಕೆ ಹೋಗಿಬರಬಹುದಾ ಅಂತ ಕೇಳಿದ್ದೀಯ. ಬೇಡ. ವಾಸನೆ ಎಲ್ಲಿಂದ ಅಂತ ಗೊತ್ತಾಗುವ ತನಕ ಆ ಗಾಡಿ ಸ್ಟಾರ್ಟ್ ಮಾಡಬೇಡ. ಕಿಟಕಿ ತೆಗೆದರೆ ಹೋಗುವ ವಾಸನೆ ಅಲ್ಲ ಅದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕಾಲ ಬುಡದಲ್ಲೇ ಕೂರುತ್ತದೆ. ಮೈನಸ್ 40 ಡಿಗ್ರಿ ಆಸುಪಾಸಿನ ಚಳಿಯಲ್ಲೂ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ಇನ್ನು ನಮ್ಮೂರ ಬಿಸಿಲಿಗೆ ಕೇಳಬೇಕಾ?

ನಮ್ಮ ಬಿಳಿ ಮಾರುತಿ 800 ನಿಮಗೆಲ್ಲ ನೆನಪಿದೆ. ನಿಮ್ಮ ದೊಡ್ಡಮ್ಮನ ತವರಿನ ಮದುವೆ, ಪುತ್ತೂರಲ್ಲಿ. ಹಾಸನದಿಂದ ಬೆಳಗಿನ ಜಾವ ಹೊರಟೆವು. ಹಿಂದಿನ ವಾರ ಇಲಿ ಪೆಟ್ರೋಲ್ ಪೈಪು ಕಡಿದಿತ್ತು. ಗ್ಯಾರೇಜಿನವನು ಬದಲಾಯಿಸಿ ಕೊಟ್ಟಿದ್ದ. ಯಾವ ಗ್ಯಾರೇಜು ಅಂತ ಹೇಳುವುದಿಲ್ಲ. ಸಕಲೇಶಪುರ ದಾಟಿ ದೋಣಿಗಾಲ್ ಬರುವಾಗ ಸಣ್ಣಗೆ ವಾಸನೆ. ಭಾವ, ಮುಂದಿನ ಲಾರಿಯದ್ದು, ಸುಮ್ನೆ ಓಡಿಸಿ ಅಂದರು. ಮಾರನಹಳ್ಳಿ ಹತ್ತಿರ ಲಾರಿ ಎಲ್ಲೂ ಇಲ್ಲ, ವಾಸನೆ ಮಾತ್ರ ಗಮ್ಮೆನ್ನುತ್ತಿದೆ. ನಿಲ್ಲಿಸಿ, ಕೀ ತೆಗೆದು, ಎಲ್ಲರನ್ನೂ ಇಳಿಸಿದೆ. ಬಾನೆಟ್ ಎತ್ತಿದರೆ ಏನು ಕಂಡಿತು ಹೇಳು? ಪಂಪಿನಿಂದ ಕಾರ್ಬ್ಯುರೇಟರಿಗೆ, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗಕ್ಕೆ, ಹೋಗುವ ಕಡೆ ಆ ಪುಣ್ಯಾತ್ಮ ಪೆಟ್ರೋಲ್ ಪೈಪಿನ ಬದಲು ನೀರಿನ ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿದ್ದಾನೆ. ಪೆಟ್ರೋಲ್ ಕುಡಿದು ಸೆಟೆದು, ಕ್ಲಾಂಪಿನ ಹತ್ತಿರ ಸೀಳಿದೆ. ತೊಟ್ಟಿಕ್ಕುತ್ತಿದೆ. ಒಂದು ಗೇಣು ಆಚೆ ಕಾದು ಕೆಂಡವಾದ ಸೈಲೆನ್ಸರ್ ಪೈಪು! ಅಷ್ಟರಲ್ಲಿ ಭಾವ ಪಕ್ಕದಲ್ಲಿ ನಿಂತು ಜೇಬಿನಿಂದ ಬೆಂಕಿಪೊಟ್ಟಣ ತೆಗೆಯುತ್ತಿದ್ದಾರೆ, ಬೀಡಿಗೆ. ಕೈ ತಟ್ಟಿ ಕೆಡವಿದೆ. ಅವರು ಅದನ್ನು ಇವತ್ತಿಗೂ ಅವಮಾನ ಅಂತಲೇ ಇಟ್ಟುಕೊಂಡಿದ್ದಾರೆ.

ಅದಕ್ಕೇ ಹೇಳುವುದು, ಸ್ಟಾರ್ಟ್ ಮಾಡಬೇಡ. ಅಳಿಯಂದಿರಿಗೂ ಹೇಳು, ಸ್ವಲ್ಪ ದೂರ ಓಡಿಸಿ ನೋಡುತ್ತೇನೆ ಅನ್ನುವುದೂ ಬೇಡ.

ಆಮೇಲೆ ಸಕಲೇಶಪುರದಿಂದ ಪೈಪ್ ತರಿಸಿ, ಹಾಕಿಸಿ, ಪುತ್ತೂರು ಮುಟ್ಟಿದಾಗ ಧಾರೆ ಮುಗಿದಿತ್ತು. ಮೊದಲ ಪಂಕ್ತಿ ಎದ್ದಾಗಿತ್ತು, ಹೋಳಿಗೆಯೂ ಖಾಲಿ. ದಾರಿಯಲ್ಲಿ ಏನಾಯಿತು ಅಂತ ಒಬ್ಬರಾದರೂ ಕೇಳಲಿಲ್ಲ. ಹಾಸನದವರು ಬೇಕಂತಲೇ ತಡವಾಗಿ ಬಂದರು, ಉಡುಗೊರೆ ವಿಷಯಕ್ಕೆ ಮುನಿಸು ಅಂತ ಮಾತು ಹಬ್ಬಿಸಿದರು. ಉಡುಗೊರೆ ವಿಷಯಕ್ಕೆ ನಾನು ಯಾವತ್ತು ಬಾಯಿ ಬಿಟ್ಟಿದ್ದೆ? ಭಾವ ಅಲ್ಲೇ ಇದ್ದರು, ನಡೆದದ್ದು ಹೇಳಬಹುದಿತ್ತು. ಹೇಳಲಿಲ್ಲ. ಮೊನ್ನೆ ನಾಮಕರಣದಲ್ಲೂ ಯಾರೋ ಅದೇ ಮಾತು ತೆಗೆದರಂತೆ. ಈ ಗ್ರೂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಏಳು ಜನರ ಜೀವ ಉಳಿದಿದೆ, ಇವರಿಗೆ ಧಾರೆ ಮುಹೂರ್ತದ್ದೇ ಲೆಕ್ಕ.

ಇರಲಿ. ಏನೋ ಹೇಳಬೇಕಿತ್ತು. ಹಾಂ, ನಿನ್ನ ಗಾಡಿ. ದಸರಾ ಮುಂಚೆ ಪೆಟ್ರೋಲ್ ಪಂಪ್ ಹೋಯಿತು ಅಂತ ಹೊಸದು ಹಾಕಿಸಿದಿರಿ ಅಲ್ವಾ? ನಿಮ್ಮಪ್ಪ ಹೇಳಿದ್ದ. ಮೊದಲು ಅಲ್ಲೇ ನೋಡಿಸು. ಈಗಿನ ಗಾಡಿಗಳಲ್ಲಿ ಪಂಪ್ ಟ್ಯಾಂಕಿನ ಒಳಗಿರುತ್ತದೆ, ಟ್ಯಾಂಕು ಹಿಂದಿನ ಸೀಟಿನ ಕೆಳಗೆ. ಎಷ್ಟೋ ಗಾಡಿಗಳಲ್ಲಿ ಸೀಟು ಎತ್ತಿದರೆ ಒಂದು ಮುಚ್ಚಳ, ಅದರ ಕೆಳಗೆ ಪಂಪು. ಪಂಪಿನ ಸುತ್ತ ದೊಡ್ಡ ರಬ್ಬರ್ ರಿಂಗ್ ಕೂರಬೇಕು. ಹಳೇ ರಿಂಗನ್ನೇ ಹಾಕಿದರೆ, ಇಲ್ಲಾ ಹೊಸದು ಓರೆಯಾಗಿ ಕೂತರೆ, ಆವಿ ನೇರ ಸೀಟಿಗೆ ಬರುತ್ತದೆ. ಫುಲ್ ಟ್ಯಾಂಕ್ ಇದ್ದಾಗ ಜಾಸ್ತಿ, ಅರ್ಧಕ್ಕೆ ಇಳಿದಾಗ ಕಡಿಮೆ ಇತ್ತಾ, ಯೋಚಿಸಿ ಹೇಳು. ಹಾಗಿದ್ದರೆ ನನಗೆ ಅದರ ಮೇಲೇ ಅನುಮಾನ. ಟ್ಯಾಂಕಿನ ಮುಚ್ಚಳದ ರಬ್ಬರೂ ಬಿರಿದಿರಬಹುದು, ಅದು ಸುಲಭದ ಕೆಲಸ.

ವಾಸನೆ ಎಸಿ ಕಿಂಡಿಯಿಂದ ಬರುವುದಾದರೆ ಬೇರೆ ಕಥೆ, ಎಂಜಿನ್ ಕಡೆ ನೋಡಬೇಕು. ಎಂಜಿನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರಿನ ಸಣ್ಣ ರಿಂಗುಗಳು, ಪೈಪಿನ ಜಾಯಿಂಟುಗಳು. ಅಲ್ಲಿ ಪೆಟ್ರೋಲು ಸುಮಾರು 3 ಬಾರ್ ಒತ್ತಡದಲ್ಲಿರುತ್ತದೆ, ನಿನ್ನ ಟೈರಿನ ಗಾಳಿಗಿಂತ ಜಾಸ್ತಿ. ಸಣ್ಣ ತೂತಾದರೂ ಚಿಮ್ಮುತ್ತದೆ. ಈಗಿನ 20 ಪರ್ಸೆಂಟ್ ಎಥನಾಲ್ ಪೆಟ್ರೋಲು ಹಳೇ ಗಾಡಿಯ ರಬ್ಬರನ್ನು ಬೇಗ ಕೆಡಿಸುತ್ತದೆ, ಅದನ್ನೂ ನೋಡಲು ಹೇಳು. ಬಂಕಿನಲ್ಲಿ ಗನ್ನು ತಾನಾಗಿ ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡಿ ಅನ್ನುವ ಅಭ್ಯಾಸ ಅಳಿಯಂದಿರಿಗಿದ್ದರೆ ಬಿಡಿಸು. ಆವಿ ಹಿಡಿಯುವ ಇದ್ದಿಲಿನ ಡಬ್ಬಿ ಒಂದಿರುತ್ತದೆ, ಅದಕ್ಕೆ ಪೆಟ್ರೋಲ್ ನುಗ್ಗಿದರೂ ಇದೇ ವಾಸನೆ.

ಗಾಡಿ ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿದೆ ಅಲ್ವಾ? ಅದು ಬೇರೆ ತಲೆಬಿಸಿ, ಆವಿ ಅಲ್ಲೇ ತುಂಬಿಕೊಳ್ಳುತ್ತದೆ. ಮೊದಲು ಬಾಗಿಲು, ಡಿಕ್ಕಿ ಎಲ್ಲ ತೆಗೆದಿಡಿ. ಒಳಗಿನ ಲೈಟಿನ ಸ್ವಿಚ್ ಕೂಡ ಮುಟ್ಟಬೇಡಿ, ಬ್ಯಾಟರಿ ವೈರ್ ಕಿತ್ತರೂ ಕಿಡಿ ಹಾರುತ್ತದೆ. ಗಾಳಿ ಚೆನ್ನಾಗಿ ಆಡಿದ ಮೇಲೆ ಸೆಕ್ಯೂರಿಟಿಯವರನ್ನು ಕರೆದು, ನ್ಯೂಟ್ರಲ್ ಮಾಡಿ ಬಯಲಿಗೆ ತಳ್ಳಿಸಿ. ರಾಂಪ್ ಕಡಿದಾಗಿದ್ದರೆ ತಳ್ಳಲು ಹೋಗಬೇಡಿ, ಟೋಯಿಂಗಿನವರೇ ಎಳೆಯಲಿ. ಕೆಳಗೆ ಒಂದು ರಟ್ಟು ಹಾಸಿ ಬಿಡಿ, ಎಲ್ಲಿ ತೊಟ್ಟಿಕ್ಕಿತು ಅಂತ ಮೆಕ್ಯಾನಿಕ್‌ಗೆ ತೋರಿಸಬಹುದು. ಮೆಕ್ಯಾನಿಕ್ ಮನೆಗೇ ಬರಲಿ, ಟ್ಯಾಂಕ್ ತೆರೆಯುವುದು ಬಯಲಿನಲ್ಲೇ. ಬಿಲ್ಲಿನಲ್ಲಿ ಹೊಸ ರಿಂಗ್ ಬರೆದಿದೆಯಾ ನೋಡಿಕೋ. ಮೆಕ್ಯಾನಿಕ್ ಮನೆಗೆ ಬರುವುದಿಲ್ಲ ಅಂದರೆ ಇನ್ಶೂರೆನ್ಸ್ ಪೇಪರ್ ತೆಗೆ, ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ದರೆ ಗಾಡಿ ಹೊತ್ತುಕೊಂಡು ಹೋಗುತ್ತಾರೆ. ಧರ್ಮಸ್ಥಳಕ್ಕೆ ಕೆಎಸ್ಆರ್‌ಟಿಸಿ ಬಸ್ಸು ಬೇಕಾದಷ್ಟಿದೆ, ಸೀಟು ಇವತ್ತೇ ಬುಕ್ ಮಾಡಿಬಿಡು.