ಓಡುತ್ತಿರುವಾಗಲೇ ನಿಂತುಹೋಗುವ ಹಳೆಯ ಡೀಸೆಲ್ ಲಾರಿ: ದೋಷ ವಯರಿಂಗಿನಲ್ಲೋ, ಪಂಪಿನಲ್ಲೋ?

ಪ್ರಶ್ನೆ (ಪೆರ್ಲದಿಂದ)

ಬದಿಯಡ್ಕ, ಪೆರ್ಲದ ಕಡೆಯ ಕೋರೆಗಳಿಂದ ಕೆಂಪುಕಲ್ಲು ಸಾಗಿಸುವ ನಮ್ಮ ಹಳೆಯ ಡೀಸೆಲ್ ಲಾರಿ ಈ ಮಳೆಗಾಲ ಹಿಡಿದಂದಿನಿಂದ ಓಡುತ್ತಿರುವಾಗಲೇ ಆಫ್ ಆಗುತ್ತಿದೆ. 12 ವೋಲ್ಟಿನ ಗಾಡಿ, ಎಂಜಿನ್ನಿಗೆ ಡೀಸೆಲ್ ಒತ್ತಿಕೊಡುವ ರೋಟರಿ ಪಂಪು, ಕೀಲಿ ತಿರುಗಿಸಿದರೆ ಎಂಜಿನ್ ನಿಲ್ಲುವ ವ್ಯವಸ್ಥೆ. ಕೋರೆಯಿಂದ ಮೇಲೇರುವ ಹೊಂಡಗುಂಡಿಯ ದಾರಿಯಲ್ಲಿ ಈ ತೊಂದರೆ ಹೆಚ್ಚು, ಚೆರ್ಕಳ-ಕಲ್ಲಡ್ಕ ರಸ್ತೆಗೆ ಬಂದ ಮೇಲೆ ಅಪರೂಪ. ಕೆಲವೊಮ್ಮೆ ಒಂದು ಜರ್ಕ್ ಹೊಡೆದು ತಾನಾಗಿಯೇ ಮತ್ತೆ ಎಳೆಯುತ್ತದೆ. ಪೂರ್ತಿ ನಿಂತರೂ ಕೀಲಿಯನ್ನು ಆಫ್ ಮಾಡಿ, ಆನ್ ಮಾಡಿ, ಸೆಲ್ಫ್ ಹೊಡೆದರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಹಾರನ್ ಮತ್ತು ಹೆಡ್‌ಲೈಟ್ ಒಮ್ಮೆಯೂ ಕೈಕೊಟ್ಟಿಲ್ಲ. ಗ್ಯಾರೇಜಿನಲ್ಲಿ ಫಿಲ್ಟರ್ ಹಾಗೂ ಬ್ಯಾಟರಿ ಬದಲಿಸಿದ್ದಾಯಿತು. ಈಗ ಪಂಪನ್ನೇ ಬಿಚ್ಚಿ ಮಂಗಳೂರಿಗೆ ಕಳುಹಿಸಬೇಕೆನ್ನುತ್ತಾರೆ. ನಿಂತ ಗಾಡಿಯಲ್ಲಿ ಮೀಟರ್ ಇಟ್ಟು ನೋಡಿದರೆ ಪಂಪಿನ ಸಾಲಿನಾಯ್ಡಿಗೆ (ಕರೆಂಟು ಸಿಕ್ಕಾಗ ಡೀಸೆಲ್ ದಾರಿ ತೆರೆಯುವ ಭಾಗ) 12 ವೋಲ್ಟಿಗಿಂತ ಹೆಚ್ಚೇ ಬರುತ್ತಿದೆ. ಪಂಪಿಗೆ ಕೈಹಾಕುವ ಮುನ್ನ ಏನನ್ನು ಪರೀಕ್ಷಿಸಬೇಕು?

ಉತ್ತರ (ಕುಂಬಳೆಯಿಂದ, ವಾಹನಗಳ ವಯರಿಂಗ್ ಕೆಲಸ ಮಾಡುತ್ತೇನೆ)

ದಯವಿಟ್ಟು ಪಂಪನ್ನು ಈಗಲೇ ಬಿಚ್ಚಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯ ಕೆಲಸವಿಲ್ಲ. ಒಮ್ಮೆ ಸ್ಟಾರ್ಟ್ ಆದ ಹಳೆಯ ಎಂಜಿನ್ನಿಗೆ ಓಡಲು ಬೇಕಾದ ಕರೆಂಟು ಪಂಪಿನ ತಲೆಯಲ್ಲಿರುವ ಸಾಲಿನಾಯ್ಡಿಗೆ ಹೋಗುವ ಆ ಒಂದು ವಯರಿನದ್ದು ಮಾತ್ರ. ಕರೆಂಟು ಇರುವವರೆಗೆ ಅದು ಡೀಸೆಲ್ ದಾರಿಯನ್ನು ತೆರೆದಿಡುತ್ತದೆ, ಕರೆಂಟು ತಪ್ಪಿದ ಕ್ಷಣ ಒಳಗಿನ ಸ್ಪ್ರಿಂಗು ದಾರಿಯನ್ನು ಮುಚ್ಚುತ್ತದೆ. ನೀವು ಹೇಳಿದ ಜರ್ಕ್ ನನಗೆ ಮುಖ್ಯವೆನಿಸುತ್ತದೆ: ಗೇರಿನಲ್ಲಿ ಉರುಳುತ್ತಿರುವ ಗಾಡಿಗೆ ಕರೆಂಟು ಕ್ಷಣಕಾಲ ತಪ್ಪಿ ಮರಳಿ ಬಂದರೆ ಎಂಜಿನ್ ಹಾಗೆಯೇ ಎತ್ತಿಕೊಳ್ಳುತ್ತದೆ.

ಮೀಟರಿನ ಲೆಕ್ಕವನ್ನು ನಂಬಿ ಕೂರಬೇಡಿ. ಸಾಲಿನಾಯ್ಡಿನ ವಯರನ್ನು ಕಳಚಿ ಅಳೆದಿದ್ದರೆ, ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿರುವ ವಯರಿನಲ್ಲೂ ಮೀಟರ್ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟು ಇಲ್ಲವೆಂಬಷ್ಟು ಕಡಿಮೆ. ಅದಲ್ಲದೆ ಗಾಡಿ ನಿಂತು, ಅಲುಗಾಟವಿಲ್ಲದೆ, ಎಲ್ಲವೂ ಸರಿಯಿರುವ ಹೊತ್ತಿನಲ್ಲಿ ಅಳೆದು ಪ್ರಯೋಜನವೂ ಇಲ್ಲ. ದೋಷವನ್ನು ಅದು ಆಗುವ ಕ್ಷಣದಲ್ಲಿ ಹಿಡಿಯಬೇಕು.

ಹೀಗೆ ಮಾಡಿ. 12 ವೋಲ್ಟಿನ ಒಂದು ಚಿಕ್ಕ ಬಲ್ಬನ್ನು ಕ್ಯಾಬಿನ್ನಿನಲ್ಲಿ ಕಣ್ಣಿಗೆ ಕಾಣುವಲ್ಲಿ ಕಟ್ಟಿ, ಅದರ ಒಂದು ವಯರನ್ನು ಫ್ಯೂಸ್ ಸಹಿತ ಸಾಲಿನಾಯ್ಡಿನ ಟರ್ಮಿನಲ್ಲಿಗೂ ಇನ್ನೊಂದನ್ನು ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೂ ಕೊಡಿ. ಬಿಸಿ ಎಕ್ಸಾಸ್ಟಿಗೆ ತಾಗದಂತೆ ಎಳೆಯಿರಿ. ಎಂಜಿನ್ ನಿಲ್ಲುವಾಗ ಬಲ್ಬೂ ಆರಿದರೆ ಕರೆಂಟು ಕೀಲಿ, ಫ್ಯೂಸುಗಳ ಕಡೆಯಿಂದಲೇ ಬರುತ್ತಿಲ್ಲ. ಬಲ್ಬು ಉರಿಯುತ್ತಲೇ ಎಂಜಿನ್ ನಿಂತರೆ ಸಾಲಿನಾಯ್ಡ್, ಎಂಜಿನ್ನಿನ ಅರ್ತ್ ಅಥವಾ ಡೀಸೆಲ್ ದಾರಿಯನ್ನು ನೋಡಬೇಕು. ಅದೇ ಕ್ಷಣದಲ್ಲಿ ಡ್ಯಾಶ್‌ಬೋರ್ಡನ್ನೂ ಗಮನಿಸಿ: ಟೆಂಪರೇಚರ್ ಮತ್ತು ಡೀಸೆಲ್ ಮುಳ್ಳುಗಳು ಬೀಳುತ್ತವೆಯೇ, ಎಂಜಿನ್ ನಿಂತ ಮೇಲೆ ಆಯಿಲ್ ಲೈಟು ಹತ್ತುತ್ತದೆಯೇ? ಇವುಗಳಿಗೂ ಕರೆಂಟು ಕೀಲಿಯನ್ನು ದಾಟಿಯೇ ಬರುವುದರಿಂದ, ಮುಳ್ಳು ಬಿದ್ದು ಲೈಟೂ ಹತ್ತದಿದ್ದರೆ ದೋಷ ಕೀಲಿಯ ಕಡೆಯದು. ಹಾರನ್ ಮತ್ತು ಹೆಡ್‌ಲೈಟಿಗೆ ಅನೇಕ ಹಳೆಯ ಗಾಡಿಗಳಲ್ಲಿ ಕೀಲಿಯನ್ನು ದಾಟಿ ಬರುವ ಕರೆಂಟೇ ಅಲ್ಲ. ಆದ್ದರಿಂದ ಅವು ಸರಿಯಿವೆ ಎಂಬುದರಿಂದ ಕೀಲಿಯ ಸ್ವಿಚ್ಚು ಸರಿಯಿದೆ ಎಂದಾಗುವುದಿಲ್ಲ.

ಉತ್ತರ (ಮುಳ್ಳೇರಿಯದಿಂದ)

ಮೇಲಿನವರ ಮಾತಿಗೆ ನನ್ನ ವಿರೋಧವಿಲ್ಲ, ಆದರೆ ಎಂಜಿನ್ ಹೇಗೆ ಸಾಯುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಿ. ಡೀಸೆಲ್ ಪೈಪಿನಲ್ಲಿ ಏರ್ ಹಿಡಿದರೆ ಅಥವಾ ಟ್ಯಾಂಕಿನ ಜಾಲರಿಯಲ್ಲಿ ಕಸ ಕಟ್ಟಿದರೆ ಎಳೆತ ಕಡಿಮೆಯಾಗಿ, ಆರ್‌ಪಿಎಂ ಏರಿಳಿದು, ಆಮೇಲೆ ನಿಲ್ಲುತ್ತದೆ. ಮತ್ತೆ ಸ್ಟಾರ್ಟ್ ಮಾಡಲು ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ, ಇಲ್ಲವೇ ಕೈಪಂಪು ಒತ್ತಿ ಏರ್ ತೆಗೆಯಬೇಕಾಗುತ್ತದೆ. ಕೀಲಿ ತಿರುಗಿಸಿದಂತೆ ತಟ್ಟನೆ ನಿಂತರೆ ಕರೆಂಟಿನದ್ದೇ ಕೆಲಸ.

ಇನ್ನೊಂದು ವಿಷಯವನ್ನು ಯಾರೂ ಹೇಳಲಿಲ್ಲ. ದೋಷ ಸಿಗುವವರೆಗೆ ಲೋಡು ಹೊತ್ತು ಇಳಿಜಾರಿಗೆ ಹೋಗಬೇಡಿ. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ಗಾಳಿ ಅಥವಾ ವ್ಯಾಕ್ಯೂಮ್ ಮತ್ತೆ ತುಂಬುವುದಿಲ್ಲ, ಪವರ್ ಸ್ಟಿಯರಿಂಗ್ ಇದ್ದರೆ ಅದೂ ಬಿಗಿಯಾಗುತ್ತದೆ. ಖಾಲಿ ಗಾಡಿಯಲ್ಲಿ ಪರೀಕ್ಷಿಸಿ.

ಪ್ರಶ್ನೆ ಕೇಳಿದವರು

ಹೇಳಿದಂತೆಯೇ ಬಲ್ಬು ಕಟ್ಟಿ, ಖಾಲಿ ಗಾಡಿಯನ್ನು ಕೋರೆಯ ದಾರಿಯಲ್ಲಿ ಓಡಿಸಿದೆವು. ಜರ್ಕ್ ಹೊಡೆದಾಗಲೆಲ್ಲ ಬಲ್ಬು ಕಣ್ಣು ಮಿಟುಕಿಸಿತು. ಪೂರ್ತಿ ನಿಂತಾಗ ಬಲ್ಬು ಆರಿತ್ತು, ಟೆಂಪರೇಚರ್ ಮುಳ್ಳು ಕೆಳಗೆ ಬಿದ್ದಿತ್ತು, ಆಯಿಲ್ ಲೈಟು ಹತ್ತಲೇ ಇಲ್ಲ. ನಿಂತಲ್ಲಿಯೇ ಎಂಜಿನ್ ಚಾಲೂ ಇಟ್ಟು ವಯರಿನ ಕಟ್ಟನ್ನು ಪಂಪಿನಿಂದ ಕೀಲಿಯವರೆಗೆ ಗೇಣುಗೇಣು ಅಲುಗಾಡಿಸುತ್ತಾ ಬಂದರೆ, ಕೀಲಿಯ ಹಿಂದಿನ ಕನೆಕ್ಟರನ್ನು ಮುಟ್ಟಿದ ಕೂಡಲೇ ಆಫ್ ಆಯಿತು. ಬಿಚ್ಚಿ ನೋಡಿದರೆ ಬಿಳಿ ಪ್ಲಾಸ್ಟಿಕ್ಕು ಒಂದು ಪಿನ್ನಿನ ಸುತ್ತ ಕಂದು ಬಣ್ಣಕ್ಕೆ ತಿರುಗಿ ಕರಗಿದೆ; ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟಿದೆ. ಗಾಜಿನ ರಬ್ಬರಿನಿಂದ ಇಳಿದ ಮಳೆನೀರಿನ ಗೆರೆಯೂ ಅಲ್ಲಿಯೇ ಕಾಣುತ್ತದೆ. ಪಿನ್ನನ್ನು ಉಜ್ಜಿ ಮತ್ತೆ ಸಿಕ್ಕಿಸಿದರೆ ಸಾಕೇ?

ಉತ್ತರ (ಕುಂಬಳೆಯಿಂದ)

ಸಾಲದು. ಬಿಸಿಯಾದ ಪಿನ್ನು ತನ್ನ ಬಿಗಿತವನ್ನು ಕಳೆದುಕೊಂಡಿರುತ್ತದೆ. ಉಜ್ಜಿದರೆ ಕೆಲವು ದಿನ ನಡೆದು ಮತ್ತೆ ಬಿಸಿಯಾಗುತ್ತದೆ. ಕರಿಯಾದ ತಾಮ್ರದ ಭಾಗವನ್ನು ಒಳ್ಳೆಯ ತಾಮ್ರ ಕಾಣುವವರೆಗೆ ಕತ್ತರಿಸಿ, ಹೊಸ ಟರ್ಮಿನಲ್ಲನ್ನು ಕ್ರಿಂಪ್ ಮಾಡಿ, ಕನೆಕ್ಟರನ್ನೂ ಕೀಲಿಯ ಸ್ವಿಚ್ಚನ್ನೂ ಒಟ್ಟಿಗೆ ಬದಲಿಸಿ. ಬರಿಗೈಯಲ್ಲಿ ಸುತ್ತಿ ಟೇಪು ಹಚ್ಚಿದ ಜೋಡಣೆ ಕರಾವಳಿಯ ಮಳೆಗೆ ನಿಲ್ಲುವುದಿಲ್ಲ. ಆ ಪಿನ್ನಿನ ಮೂಲಕ ಹೀಟರ್ ಪ್ಲಗ್ (ಸ್ಟಾರ್ಟಿಗೆ ಮುನ್ನ ಎಂಜಿನ್ನಿನ ಒಳಗನ್ನು ಬಿಸಿ ಮಾಡುವುದು) ಅಥವಾ ಆಮೇಲೆ ಸೇರಿಸಿದ ಲೈಟುಗಳ ಹೊರೆಯೂ ಹೋಗುತ್ತಿದ್ದರೆ ಅದನ್ನು ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ವರ್ಗಾಯಿಸಿ, ಏಕೆಂದರೆ ಸಾಲಿನಾಯ್ಡ್ ಒಂದರ ಕರೆಂಟಿಗೆ ಪ್ಲಾಸ್ಟಿಕ್ಕು ಕರಗುವುದಿಲ್ಲ. ಗಾಜಿನ ರಬ್ಬರನ್ನು ಮಾತ್ರ ಇವೆಲ್ಲಕ್ಕಿಂತ ಮೊದಲು ಬದಲಿಸಿ. ಕೆಲಸ ಮುಗಿದ ಮೇಲೆ ಎಂಜಿನ್ ಚಾಲೂ ಇಟ್ಟು, ಬ್ಯಾಟರಿಯ ಪಾಸಿಟಿವ್‌ಗೂ ಸಾಲಿನಾಯ್ಡಿನ ಟರ್ಮಿನಲ್ಲಿಗೂ ಮೀಟರ್ ಹಿಡಿಯಿರಿ. ಅದು ತೋರಿಸುವುದು ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜನ್ನು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದಾರಿಯಲ್ಲಿ ಇನ್ನೂ ಒಂದು ಸಡಿಲ ಜೋಡಣೆ ಉಳಿದಿದೆ, ಆಗ ಫ್ಯೂಸ್ ಹಿಡಿಯುವ ಕ್ಲಿಪ್ಪುಗಳನ್ನು ನೋಡಿ.