‘ಕ್ರೇವಿಂಗ್’ಗೆ ಕಡುಬಯಕೆಯೋ, ತಲಬೋ?

ಪ್ರಶ್ನೆ: ಕುಡಿತ ಬಿಡಿಸಲು ವಿಆರ್ (ವರ್ಚುವಲ್ ರಿಯಾಲಿಟಿ) ಕನ್ನಡಕದಲ್ಲಿ ಕುಡಿತ ನೆನಪಿಸುವ ಕೃತಕ ದೃಶ್ಯ ತೋರಿಸುವ ಚಿಕಿತ್ಸೆಯ ಬಗ್ಗೆ ದಾವಣಗೆರೆ ಸೀಮೆಯ ರೋಗಿಗಳಿಗೊಂದು ಕರಪತ್ರ ಸಿದ್ಧವಾಗುತ್ತಿದೆ. ಕರಡಿನಲ್ಲಿ, ಈಗಲೇ ಕುಡಿಯಬೇಕೆಂಬ ತೀವ್ರ ಸೆಳೆತವಾದ ಕ್ರೇವಿಂಗ್‌ಗೆ ‘ಕಡುಬಯಕೆ’, ಕ್ಯೂಗೆ ‘ಸುಳಿವು’, ಎಕ್ಸ್‌ಟಿಂಕ್ಷನ್‌ಗೆ ‘ಅಳಿವು’, ವರ್ಚುವಲ್ ರಿಯಾಲಿಟಿಗೆ ‘ಭ್ರಮಾಲೋಕ’ ಎಂದಿದೆ. ಯಾವುದನ್ನು ಉಳಿಸಬಹುದು?

ಉತ್ತರ: ಒಂದನ್ನೂ ಉಳಿಸಬೇಡಿ. ಮೊದಲು ‘ಭ್ರಮಾಲೋಕ’ ತೆಗೆಯಿರಿ. ವರ್ಷಗಟ್ಟಲೆ ವಿಪರೀತ ಕುಡಿದವರು ದಿಢೀರನೆ ನಿಲ್ಲಿಸಿದರೆ, ಎರಡರಿಂದ ನಾಲ್ಕು ದಿನದೊಳಗೆ ಕೆಲವರಿಗೆ ಡೆಲಿರಿಯಂ ಎಂಬ ತೀವ್ರ ಗೊಂದಲದ ಸ್ಥಿತಿ ಬಂದು ಇಲ್ಲದ್ದೆಲ್ಲ ಕಾಣತೊಡಗುತ್ತದೆ. ಭ್ರಮೆ ಎಂದರೆ ಮನೆಯವರಿಗೆ ಅದೇ. ಆ ಗಂಡಾಂತರ ಕಳೆದ ಮೇಲೆ ಮಾಡುವ ಚಿಕಿತ್ಸೆಗೂ ಅದೇ ಹೆಸರಿಟ್ಟರೆ ಯಾರು ಒಪ್ಪಿಯಾರು? ‘ವಿಆರ್ ಕನ್ನಡಕ’ ಸಾಕು.

‘ಸುಳಿವು’ ಪೊಲೀಸರದು. ಇಲ್ಲಿ ಬೇಕಿರುವುದು ಕಂಡೊಡನೆ ಕುಡಿತದತ್ತ ಎಳೆಯುವ ವಸ್ತು, ಸದ್ದು, ವಾಸನೆ. ‘ಕೆರಳಿಸುವ ನೋಟ’ ಎಂದರೆ ವಾಸನೆ ಬಿಟ್ಟುಹೋಗುತ್ತದೆ; ‘ಕುಡಿತ ನೆನಪಿಸುವಂಥವು’ ಎನ್ನಿ, ಉದಾಹರಣೆ ಕೊಡಿ. ಎತ್ತರದ ಕುರ್ಚಿ, ವೈನ್ ಗ್ಲಾಸು ಇರುವ ವಿದೇಶಿ ಬಾರಿನ ದೃಶ್ಯ ತೋರಿಸಿದರೆ ಇಲ್ಲಿ ಹಲವರಿಗೆ ಏನೂ ಆಗದು. ಅಂಗಡಿಯ ಕೌಂಟರು, ತೊಂಬತ್ತರ (90 ಮಿ.ಲೀ. ಮದ್ಯದ) ಪ್ಯಾಕೆಟ್, ‘ಒಂದೇ ಒಂದು ಹಾಕೋ’ ಎನ್ನುವ ಗೆಳೆಯ ಬೇಕು. ಮಂಡಕ್ಕಿ-ಮಿರ್ಚಿಯನ್ನು ಮಾತ್ರ ಕೇಳಿಯೇ ಸೇರಿಸಿ. ದಾವಣಗೆರೆಯಲ್ಲಿ ಅದು ಬಹುಪಾಲು ಜನಕ್ಕೆ ಬರೀ ಸಂಜೆಯ ತಿಂಡಿ, ಪಾಪ.

‘ಅಳಿವು’ ಸುಳ್ಳು ಭರವಸೆ. ಎಕ್ಸ್‌ಟಿಂಕ್ಷನ್ ಎಂದರೆ ಅಂಥವು ಮತ್ತೆ ಮತ್ತೆ ಕಂಡರೂ ಕುಡಿಯದೆ ಇದ್ದು ಸೆಳೆತ ಕುಗ್ಗುವುದು; ಅವಕ್ಕೂ ಕುಡಿತಕ್ಕೂ ಇದ್ದ ಹಳೆಯ ನಂಟು ಅಳಿಯುವುದಿಲ್ಲ. ‘ಕಂಡರೂ ಕುಡಿಯಲಿಲ್ಲ’ ಎಂಬ ಹೊಸ ಕಲಿಕೆ ಅದರ ಮೇಲೆ ಕೂರುತ್ತದೆ, ಅಷ್ಟೇ. ಅದಕ್ಕೇ ಆಸ್ಪತ್ರೆಯ ಕೋಣೆಯಲ್ಲಿ ತಗ್ಗಿದ ಸೆಳೆತ ಊರಿನ ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಏಳುವುದು, ಒಂದೇ ದೃಶ್ಯದ ಬದಲು ಹಲವು ದೃಶ್ಯಗಳಲ್ಲಿ ಅಭ್ಯಾಸ ಮಾಡಿಸುವುದು. ‘ತಣಿಯುವುದು’ ಇನ್ನೂ ಕೆಟ್ಟದ್ದು: ಕುಡಿದರೂ ತಣಿಯುತ್ತದಲ್ಲ! ‘ಇಳಿಯುವುದು’ ಎಂದರೆ ನಶೆ ಇಳಿದಂತೆ ಕೇಳುತ್ತದೆ. ‘ತಗ್ಗುವುದು’ ಇರಲಿ.

ಇನ್ನು ಕ್ರೇವಿಂಗ್. ಬಯಕೆ ಎಂದರೆ ಬಸುರಿಯದು. ಚಪಲದಲ್ಲಿ, ಹಪಾಹಪಿಯಲ್ಲಿ ಬೈಗುಳದ ಛಾಯೆಯಿದೆ. ಅದು ಎಷ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡು ಎಂದರೆ ರೋಗಿ ನಾಚಿ ಸೊನ್ನೆ ಎಂದುಬಿಡುತ್ತಾನೆ. ಚಟ ವರ್ಷಗಳದು, ಕ್ರೇವಿಂಗ್ ಆ ಗಳಿಗೆಯದು, ಅಳೆಯುವುದು ಗಳಿಗೆಯದನ್ನು. ಬೀಡಿಗೂ ಚಹಾಕ್ಕೂ ಸಲ್ಲುವ ‘ತಲಬು’ ಇದಕ್ಕೆ ಸರಿ.

ಮರುಪ್ರಶ್ನೆ: ಉರ್ದುವಿನಿಂದ ಬಂದ ತಲಬು ಚಿತ್ರದುರ್ಗದ ಕಡೆ ಎಲ್ಲರಿಗೂ ತಿಳಿಯದಿದ್ದರೆ?

ಉತ್ತರ: ಹಾಗಿದ್ದರೆ ಅಳತೆಯ ಹಾಳೆಯಲ್ಲಿ ನಾಮಪದವೇ ಬೇಡ. ‘ಈಗ ಕುಡೀಬೇಕು ಅಂತ ಎಷ್ಟು ಅನ್ನಿಸ್ತಿದೆ? 0 ಅಂದ್ರೆ ಏನೂ ಇಲ್ಲ, 10 ಅಂದ್ರೆ ತಡೆಯೋಕೇ ಆಗಲ್ಲ’ ಎಂದು ಬರೆಯಿರಿ. ‘ಈಗ’ ಬಿಟ್ಟರೆ ಇಡೀ ವಾರದ ಲೆಕ್ಕ ಹೇಳುತ್ತಾರೆ. ಇದನ್ನೇ ಕನ್ನಡಕ ಹಾಕುವ ಮುನ್ನ, ದೃಶ್ಯದ ನಡುವೆ ಕೆಲವು ನಿಮಿಷಕ್ಕೊಮ್ಮೆ, ಕೊನೆಗೆ ಮನೆಗೆ ಕಳಿಸುವ ಮುನ್ನ ಕೇಳಬೇಕು. ‘ತಲೆ ತಿರುಗ್ತಿದೆಯಾ, ಹೊಟ್ಟೆ ತೊಳಸ್ತಿದೆಯಾ’ ಎಂಬುದಕ್ಕೆ ಬೇರೆ ಸಾಲು ಕೊಡಿ. ಕಣ್ಣು ಚಲನೆ ಕಂಡು ಒಳಕಿವಿ ಅದನ್ನು ಅರಿಯದಾಗ ಅದು ಬರುತ್ತದೆ. ತಲಬಿನ ಅಂಕಕ್ಕೆ ಸೇರಬಾರದು.